ಬೆಕ್ಕಿಗೆ ಆಯಿ ಮಾಡಿದ ಬಾಣಂತನ

ನಾನು ಚಿಕ್ಕವಳಿದ್ದಾಗ ಒಮ್ಮೆ ಹರ್ತಿ ಊರಿನ ನಮ್ಮ ಮನೆಯಲ್ಲಿ ಒಟ್ಟಿಗೇ ಇಬ್ಬರು ಬಾಣಂತಿಯರಿದ್ದರು. ಒಬ್ಬಳು ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ಅಕ್ಕ. ಇನ್ನೊಬ್ಬಳು ನಮ್ಮ ಬೂದು ಬಣ್ಣದ ಬೆಕ್ಕು. ನಗಬೇಡಿ ಮಕ್ಕಳೇ, ಆಯಿ ಹಾಗೆಯೇ ಹೇಳುತ್ತಿದ್ದಳು. ಆಯಿ ಅಂದರೆ ನನ್ನ ಅಪ್ಪನ ಅವ್ವ. ಅಕ್ಕನಿಗೆ ಮಗಳು ಹುಟ್ಟಿದ ಸ್ವಲ್ಪ ದಿನಕ್ಕೇ ಬೆಕ್ಕು ಅಕ್ಕ ಮಲಗುವ ಹೊರಸಿನ ಕೆಳಗೆ ಹಳೆಯ ಕೌದಿಯ ಮೇಲೆ ಮೂರು ಮರಿ ಹಾಕಿತ್ತು. "ಇಬ್ಬರೂ ಹಾಲು ಕುಡಿಸೋರು. ಇಬ್ಬರಿಗೂ ಒಂದ ಆರೈಕಿ" ಎಂದು ಆಯಿ ತೀರ್ಮಾನ ಮಾಡಿಬಿಟ್ಟಳು. ಅವಳ ತೀರ್ಮಾನಕ್ಕೆ ಎದುರಾಡುವ ಗಂಡಸೂ ನಮ್ಮ ಮನೆಯಲ್ಲಿರಲಿಲ್ಲ, ಹೆಂಗಸೂ ಇರಲಿಲ್ಲ.

ಬಾಣಂತಿ ಕೋಣೆಯಲ್ಲಿ ಸದಾ ಲೋಬಾನದ ಹೊಗೆ, ಅಜವಾನದ ಘಾಟು. ಅದರ ಮೇಲೆ ತುಪ್ಪದಲ್ಲಿ ಬಳ್ಳೊಳ್ಳಿ ಹುರಿಯುವ ವಾಸನೆ. ನೀವು ಬೆಳ್ಳುಳ್ಳಿ ಅನ್ನುತ್ತೀರಲ್ಲ, ಅದೇ. ಬಾಣಂತಿ ಬಳ್ಳೊಳ್ಳಿ ತಿಂದಷ್ಟೂ ಹಾಲು ಹೆಚ್ಚುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಅಕ್ಕನ ತಟ್ಟೆಗೆ ಬಿಸಿ ಅನ್ನದ ಮೇಲೆ ಅದನ್ನು ಸುರಿದು, ಉಳಿದದ್ದನ್ನು ಆಯಿ ಬೆರಳಿನಿಂದ ಹದವಾಗಿ ಮಿದ್ದು ಬೆಕ್ಕಿಗೆ ಹಾಕುತ್ತಿದ್ದಳು. ಅದು ತುಪ್ಪದ ಆಸೆಗೆ ತಟ್ಟೆಯನ್ನೆಲ್ಲ ನೆಕ್ಕುತ್ತಿತ್ತು. ಆಯಿ ಮೈಮರೆತು ನೋಡುತ್ತ ಕೂತಿರುತ್ತಿದ್ದಳು.

ಒಂದು ಬೆಳಿಗ್ಗೆ ಮರಿಗಳು ಒಂದೇ ಸಮನೆ ಚೀರತೊಡಗಿದವು. ನಾನು ಹೊರಸಿನ ಕೆಳಗೆ ತೂರಿ ನೋಡಿದೆ. ಬೆಕ್ಕು ಕಾಲು ಚಾಚಿ ಮಲಗಿತ್ತು, ಪಕ್ಕೆಗಳು ಭರಭರ ಏರಿಳಿಯುತ್ತಿದ್ದವು. ಕರೆದರೆ ಕಿವಿಯನ್ನೂ ಅಲುಗಿಸಲಿಲ್ಲ. ಅಪ್ಪ ಅದರ ತುಟಿ ಎತ್ತಿದರೆ ವಸಡು ಸುಣ್ಣದಷ್ಟು ಬಿಳಿ. ಕೌದಿಯ ಮೇಲೆ ಉಚ್ಚೆಯ ಕಲೆ ಕಡುಚಹಾದ ಬಣ್ಣಕ್ಕಿತ್ತು.

ಆಯಿ ಮೊದಲು ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದಳು. ಆಮೇಲೆ ನನ್ನ ಅವ್ವನನ್ನು ಕೂಗಿದಳು. "ನಿಶ್ಶಕ್ತಿ ಆಗೇತಿ ಇದಕ್ಕ. ಇನ್ನಷ್ಟು ಬಳ್ಳೊಳ್ಳಿ ಹುರಿ, ಜಲ್ದಿ!" ಅಯ್ಯೋ ದೇವರೇ, ಇವತ್ತು ನೆನೆದರೂ ನನ್ನ ಎದೆ ಧಸಕ್ ಅನ್ನುತ್ತದೆ. ಪುಣ್ಯಕ್ಕೆ ಬೆಕ್ಕು ಮುಖ ತಿರುಗಿಸಿತು.

ಅಪ್ಪ ಅದನ್ನು ಬುಟ್ಟಿಯಲ್ಲಿಟ್ಟು ಮೇಲೆ ಧೋತರ ಮುಚ್ಚಿದ. ಬೆಕ್ಕನ್ನು ದವಾಖಾನೆಗೆ ಒಯ್ಯುವುದೆಂದರೆ ಆಗ ಊರೆಲ್ಲ ನಗುವ ಮಾತು. ಆದರೂ ಅಪ್ಪ, ಆಯಿ, ನಾನು ಮೂವರೂ ಗದಗಿನ ಬಸ್ಸು ಹತ್ತಿದೆವು. ಮರಿಗಳು ಅಕ್ಕನ ಬಳಿ ಉಳಿದವು. ಬುಟ್ಟಿ ನನ್ನ ತೊಡೆಯ ಮೇಲಿತ್ತು. ಬಸ್ಸು ಎರೆಹೊಲಗಳ ನಡುವೆ ಕುಲುಕುವಾಗೆಲ್ಲ ನಾನು ಧೋತರದೊಳಗೆ ಕೈ ಹಾಕಿ ಉಸಿರಿದೆಯೇ ಎಂದು ನೋಡುತ್ತಿದ್ದೆ. "ಐತೇನ?" ಎಂದು ಆಯಿ ಕೇಳುತ್ತಿದ್ದಳು. "ಐತಿ" ಎನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮತ್ತೆ, "ಐತೇನ?"

ದನದ ದವಾಖಾನೆಯ ಡಾಕ್ಟರು ಬೆಕ್ಕಿನ ಕಣ್ಣು, ವಸಡು ನೋಡಿ ಏನೇನು ತಿನ್ನಿಸಿದ್ದೀರಿ ಎಂದು ಕೇಳಿದರು. ಆಯಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಏನೂ ಕಡಿಮಿ ಮಾಡಿಲ್ರೀ ಸಾಹೇಬ್ರ. ಮೊಮ್ಮಗಳಿಗಿ ಹಾಕಿದ್ದ ಇದಕ್ಕೂ ಹಾಕೀನಿ. ದಿನಾ ತುಪ್ಪದಾಗ ಬಳ್ಳೊಳ್ಳಿ ಹುರದು ಅನ್ನದಾಗ ಕಲಸಿ, ನನ್ನ ಕೈಯಾರೆ."

ಡಾಕ್ಟರು ಬೆಕ್ಕಿನ ಮೇಲೆ ಧೋತರ ಹೊದಿಸಿದರು. ಆಮೇಲೆ ಮೆತ್ತಗೆ ಹೇಳಿದರು. "ಅಜ್ಜಿ, ಬಳ್ಳೊಳ್ಳಿ ಬೆಕ್ಕಿಗೆ ವಿಷ. ಉಳ್ಳಾಗಡ್ಡೀನೂ ವಿಷ. ಹಸೀದಿರಲಿ, ಹುರದದ್ದಿರಲಿ, ಅದರ ರಕ್ತ ಕೆಡಸ್ತೈತಿ."

ಆಯಿ ಬೆಂಚಿನ ಮೇಲೆ ಕುಸಿದು ಕೂತಳು. ಡಾಕ್ಟರು ಸೂಜಿ ಹಾಕಿದರು. ಬೆಕ್ಕಿಗೆ ಬರೀ ಅನ್ನ, ರೊಟ್ಟಿ ಸಾಲದು, ಮಾಂಸ ಬೇಕು. ಉಪ್ಪು, ಖಾರ, ಮಸಾಲೆ ಇಲ್ಲದೆ ಬೇಯಿಸಿದ ಕೋಳಿ ಕೊಡಿ, ಎಲುಬು ಮಾತ್ರ ಒಂದೂ ಇರಬಾರದು, ಗಂಟಲಿಗೆ ಚುಚ್ಚುತ್ತದೆ ಎಂದರು. ಮರಿಗಳಿಗೆ ಆಕಳ ಹಾಲು ಹೊಟ್ಟೆ ಕೆಡಿಸುತ್ತದೆ, ಸದ್ಯಕ್ಕೆ ಆಡಿನ ಹಾಲನ್ನು ಉಗುರುಬೆಚ್ಚಗೆ ಮಾಡಿ ಹನಿಹನಿಯಾಗಿ ಕೊಡಿ, ಕೂಸಿನ ಹಾಗೆ ಅಂಗಾತ ಹಿಡಿಯಬೇಡಿ ಎಂದರು. ಕೊನೆಗೆ, "ಇವತ್ತು ಸಂಜಿಯೊಳಗ ತಿಂದ್ರ ಉಳಿಯೂ ಆಸೆ ಐತಿ. ತಿನ್ನಲಿಲ್ಲಂದ್ರ ನಾ ಏನೂ ಹೇಳಾಕ ಆಗೂದಿಲ್ರಿ" ಎಂದರು.

ಈಗ ನಮ್ಮ ಫಜೀತಿ ಕೇಳಿ. ನಮ್ಮದು ಲಿಂಗಪೂಜೆಯಾಗದೆ ಹನಿ ನೀರು ಕುಡಿಯದ ಆಯಿಯ ಮನೆ. ಮೊಟ್ಟೆಯ ಹೆಸರೆತ್ತಿದರೂ ಅವಳು ಬಾಯಿ ಮುಕ್ಕಳಿಸು ಎನ್ನುತ್ತಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಮನೆಗೆ ಬಂದರೆ ಅಕ್ಕ ಬಾಗಿಲಲ್ಲೇ ಅಳುತ್ತ ಕೂತಿದ್ದಳು. ಹಾಲಿಲ್ಲದೆ ಎಲ್ಲಕ್ಕಿಂತ ಸಣ್ಣ ಮರಿ ಅವಳ ಮಡಿಲಲ್ಲೇ ತಣ್ಣಗಾಗಿತ್ತು. ಆಯಿ ಅದನ್ನು ಒಮ್ಮೆ ಮುಟ್ಟಿದಳು. ಚಪ್ಪಲಿಯನ್ನೂ ಮೆಟ್ಟದೆ ನೇರ ಹಿತ್ತಲು ದಾಟಿ ಚಾಚಿಯ ಮನೆಗೆ ನಡೆದಳು. ಚಾಚಿ ನಮ್ಮ ಹಿಂದಿನ ಮನೆಯವಳು, ಕೋಳಿ, ಆಡು ಸಾಕಿದ್ದಳು. ಅವರ ಮನೆಯಲ್ಲಿ ಒಲೆ ಹೊತ್ತಿದಾಗ ಆಯಿ ಆ ಕಡೆ ತಲೆ ಹಾಕಿದವಳೇ ಅಲ್ಲ.

ವಿಷಯ ಕೇಳಿದ ಚಾಚಿ ಕೂಡಲೇ ಕೋಳಿ ತುಂಡನ್ನು ನೀರಿಗೆ ಹಾಕಿದಳು. ಕೈರೂಢಿ ನೋಡಿ, ಇನ್ನೊಂದು ಕೈ ಉಳ್ಳಾಗಡ್ಡಿಗೆ, ಅದೇ ಈರುಳ್ಳಿಗೆ, ಹೋಯಿತು. ಹೊಸ್ತಿಲಲ್ಲಿ ನಿಂತಿದ್ದ ಆಯಿ ಚೀರಿದಳು. "ಬ್ಯಾಡ! ಅದನ್ನ ಮುಟ್ಟಬ್ಯಾಡ ನಮ್ಮವ್ವ!" ಚಾಚಿ ಬೆಚ್ಚಿಬಿದ್ದಳು. "ಉಪ್ಪರ ಹಾಕ್ಲೇನ್ರಿ?" "ಏನೂ ಬ್ಯಾಡ. ಬರೇ ನೀರು." ಬೇಯುವ ತನಕ ಆಯಿ ಅಲ್ಲಿಂದ ಕದಲಲಿಲ್ಲ. ನಾನು ಆಡಿನ ಹಾಲು ತಂದು ಉಳಿದ ಎರಡು ಮರಿಗಳನ್ನು ಬೋರಲಾಗಿ ಹಿಡಿದುಕೊಂಡು, ಅರಳೆಯ ಬತ್ತಿಯಿಂದ ಹನಿ ಹನಿ ಕುಡಿಸಿದೆ.

ಚಾಚಿ ತಟ್ಟೆ ತಂದಾಗ ಹೊತ್ತು ಮುಳುಗುವುದರಲ್ಲಿತ್ತು. "ಎಲುಬು ನಾ ತಗೀತೀನ್ರಿ, ನೀವು ಮುಟ್ಟಬ್ಯಾಡ್ರಿ" ಎಂದಳು. ಆಯಿ ತಟ್ಟೆ ಕಸಿದುಕೊಂಡಳು. "ವಿಷಾ ಹಾಕಿದ ಕೈ ಇದು. ಇದ ಕೈಲೆ ಉಣಸ್ತೀನಿ." ನೆಲದ ಮೇಲೆ ಕೂತು ಒಂದೊಂದೇ ಎಳೆ ಬಿಡಿಸಿ, ಎಲುಬು ಹುಡುಕಿ ತೆಗೆದು, ಬೆಕ್ಕಿನ ಮೂಗಿನ ಹತ್ತಿರ ಹಿಡಿದಳು. ಅದು ಮೂಸಲಿಲ್ಲ. ಸಾರಿನಲ್ಲಿ ಬೆರಳು ಅದ್ದಿ ತುಟಿಗೆ ಸವರಿದಳು. "ತಿನ್ನ ನನ್ನವ್ವ, ತಪ್ಪಾತು, ನನಗ ಗೊತ್ತಿರಲಿಲ್ಲ" ಎಂದು ಬಿಕ್ಕಿದಳು. ಆಯಿ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಆಗ ಒರಟು ನಾಲಿಗೆಯೊಂದು ಹೊರಬಂದು ಅವಳ ಬೆರಳನ್ನು ನೆಕ್ಕಿತು. ಮತ್ತೊಮ್ಮೆ ನೆಕ್ಕಿತು. ಆಮೇಲೆ ಒಂದು ಎಳೆಯನ್ನು ಬಾಯಿಗೆ ತೆಗೆದುಕೊಂಡಿತು.

ಬೆಕ್ಕು ಉಳಿಯಿತು. ಮೈಗೂಡಲು ಬಹಳ ದಿನ ಹಿಡಿಯಿತು. ಚಾಚಿಯ ತಟ್ಟೆ ಅಷ್ಟು ದಿನವೂ ನಮ್ಮ ಹಿತ್ತಲಿಗೆ ಬಂತು. ಆಯಿ ಎಲುಬು ಆರಿಸಿ, ಸ್ನಾನ ಮಾಡಿ, ಆಮೇಲೆ ಪೂಜೆಗೆ ಕೂಡುತ್ತಿದ್ದಳು.

ಈಗ ಗದಗಿನ ಈ ಮನೆಯಲ್ಲಿ ನಿಮ್ಮ ಬೆಕ್ಕಿನ ಮರಿಗೆ ಅಂಗಡಿಯಿಂದ ಪೊಟ್ಟಣದ ಊಟ ಬರುತ್ತದೆ. ಚಾಕೊಲೇಟ್ ಕೊಡಬಾರದು, ದ್ರಾಕ್ಷಿ ಕೊಡಬಾರದು ಎಂದು ಫೋನೇ ನಿಮಗೆ ಹೇಳುತ್ತದೆ. ಅಷ್ಟಾದರೂ ನಿನ್ನೆ ಗಿರ್ಮಿಟ್ ತಿನ್ನುವಾಗ "ಪಾಪ, ಅದಕ್ಕೂ ಆಸೆ" ಎಂದು ಉಳ್ಳಾಗಡ್ಡಿ ಬೆರೆತ ಚುರುಮುರಿಯನ್ನು ಅದರ ಬಾಯಿಗೆ ಹಿಡಿದಿರಿ. ನಾನು ಚೀರಿ ನಿಮ್ಮ ಕೈ ತಟ್ಟಿದೆ. ಅಜ್ಜಿಗೆ ಸಿಟ್ಟು ಜಾಸ್ತಿ ಎಂದು ಮುಖ ಊದಿಸಿಕೊಂಡಿರಿ. ಊದಿಸಿಕೊಳ್ಳಿ. ನಿಮ್ಮ ಕೈಯಲ್ಲಿದ್ದದ್ದೂ ಪ್ರೀತಿಯೇ, ಆಯಿಯ ಕೈಯಲ್ಲಿದ್ದದ್ದೂ ಪ್ರೀತಿಯೇ. ಅವಳ ಕೈ ಹಿಡಿದು ನಿಲ್ಲಿಸಲು ಆಗ ಯಾರಿಗೂ ಏನೂ ಗೊತ್ತಿರಲಿಲ್ಲ. ನಿಮಗೆ ನಾನಿದ್ದೇನೆ.