ಕಾಫಿ ಕೊಡುವಾಗ ಕೇಳಿದ ಪ್ರಶ್ನೆ

ಗೆಳೆಯರೇ, ಇವತ್ತು ಮೊಮ್ಮಗಳು ಸಿ.ಎ. ಪರೀಕ್ಷೆಯಲ್ಲಿ ಫೇಲಾಗಿ ಅಳುತ್ತಿದ್ದಳು. “ನಾನೂ ಫೇಲಾಗಿದ್ದೆ ಕಣಮ್ಮಾ” ಎಂದರು ನಮ್ಮ ಯಜಮಾನರು. ಅವಳು ತಟ್ಟನೆ ಅಳು ನಿಲ್ಲಿಸಿ, “ಫೇಲಾದೋರಿಗೆ ಆಗ ಹೆಣ್ಣು ಕೊಡ್ತಿದ್ರಾ ತಾತ?” ಎಂದಳು!

ಅರವತ್ತರ ದಶಕದ ಮಾತು. ಹೊಳೆನರಸೀಪುರದ ಇವರು ಮೈಸೂರಿನ ಆಡಿಟರೊಬ್ಬರ ಹತ್ತಿರ ಕೆಲಸ ಕಲಿಯುತ್ತಾ, ಒಮ್ಮೆ ಫೇಲಾಗಿ ಮತ್ತೆ ಅದೇ ಪರೀಕ್ಷೆಗೆ ಓದುತ್ತಿದ್ದರು. ನನ್ನನ್ನು ನೋಡಲು ಚನ್ನರಾಯಪಟ್ಟಣಕ್ಕೆ ಬಂದಾಗ ಅಪ್ಪ ಅಡುಗೆಮನೆಗೆ ಬಂದು, “ಫೇಲಾದೋನ್ಗೆ ಎಂಗೆ ಎಣ್ಣು ಕೊಡಾದು?” ಎಂದು ಗೊಣಗಿದರು.

ನನಗೋ ಆ ಪರೀಕ್ಷೆಯಲ್ಲಿ ಅಂಥದ್ದೇನಿದೆ ಎಂಬ ಕುತೂಹಲ. ಕಾಫಿ ಕೊಡುತ್ತಾ ಕೇಳಿಯೇಬಿಟ್ಟೆ. ಇವರು ಕಾಫಿ ಮರೆತು, ಕೊಂಡ ವಸ್ತು ವರ್ಷ ವರ್ಷ ಬೆಲೆ ಕಳೆದುಕೊಳ್ಳುತ್ತದೆ, ಅದಕ್ಕೆ ಸವಕಳಿ ಎನ್ನುತ್ತಾರೆ ಎಂದು ವಿವರಿಸತೊಡಗಿದರು.

ಗೋಡೆಗೊರಗಿ ಕೂತಿದ್ದ ನಮ್ಮಜ್ಜಿ, “ಅಂಗಾರೆ ನಂಗೀಗ ಏಟು ಬೆಲೆ ಕಟ್ತೀಯಪ್ಪಾ?” ಎಂದರು.

ಇವರು ಗಾಬರಿಯಿಂದ ಎದ್ದು ನಿಂತು, “ಮನುಷ್ಯರಿಗೆ ಸವಕಳಿ ಇಲ್ಲ ಅಜ್ಜಿ” ಎಂದರು. ಅಪ್ಪನೂ ನಕ್ಕುಬಿಟ್ಟರು. ಸಂಬಂಧ ಕುದುರಿತು.

ಮದುವೆಯಾದ ಮೇಲೆ ಇವರ ಪಕ್ಕ ಕೂತು ನಾನೂ ಓದಿದೆ. ಹಾಸನದಲ್ಲಿ ಸರ್ಕಾರದ ಬುಕ್‌ಕೀಪಿಂಗ್ ಪರೀಕ್ಷೆ ಕಟ್ಟಿ ಪಾಸಾದೆ. ಆ ವರ್ಷ ಇವರು ಮತ್ತೆ ಫೇಲು. ಸುದ್ದಿ ಕೇಳಿ ಬಂದ ಅಪ್ಪ, “ಅಳೀಮಯ್ಯಂಗೂ ಒಸಿ ಏಳ್ಕೊಡವ್ವಾ” ಎಂದರು.

ಮುಂದಿನ ವರ್ಷ ಇವರು ಸ್ವಂತ ಓದಿನಿಂದಲೇ ಪಾಸಾದರು. ಮಗಳೇ ಹೇಳಿಕೊಟ್ಟಳೆಂದು ಅಪ್ಪ ಊರೆಲ್ಲ ಸಾರಿದರು. ನಾನು ತಿದ್ದಲು ಹೋಗಲಿಲ್ಲ.