ದೃಷ್ಟಿ ತೆಗೆದ ಕೈಗೆ ಹತ್ತಿದ ಬಣ್ಣ

ನನ್ನ ಮುಖ ನೀರು, ಅರಿಷಿಣ, ವಿಭೂತಿ ಬಿಟ್ಟರೆ ಬೇರೇನನ್ನೂ ಕಂಡದ್ದಲ್ಲ. ಮೂಗಿನ ಎರಡೂ ಕಡೆ ಬಂಗು ಬಿದ್ದು ಮೂವತ್ತು ವರ್ಷವಾಯಿತು. ಇರಲಿ ಎಂದು ಬಿಟ್ಟಿದ್ದೇನೆ. ಬಣ್ಣ ಹಚ್ಚಿಕೊಂಡವರನ್ನು ಕಂಡರೆ ಎದುರಿಗೇ ಅಂದುಬಿಡುತ್ತಿದ್ದೆ. ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳಿಗೆ ನಯವಾಗಿ ಬೈಯುವುದನ್ನು ಯಾರು ಕಲಿಸಬೇಕು? ಅಂಥ ನಾನು, ಬೈಲಹೊಂಗಲಕ್ಕೆ ಹೊಸದಾಗಿ ಬಂದಿದ್ದ ಬ್ಯೂಟಿ ಪಾರ್ಲರಿನಲ್ಲಿ ಬಾಯಿ ತೆರೆದುಕೊಂಡು ಕುಳಿತಿದ್ದೆ.

ಮೊಮ್ಮಗಳು ಶಿವಲೀಲಾಳ ಎಡಗೆನ್ನೆಯ ಮೇಲೆ ಅಡಿಕೆಯಗಲದ ಸುಟ್ಟ ಕಲೆ. ಮೂರು ವರ್ಷದವಳಿದ್ದಾಗ ಬೆಲ್ಲದ ಪಾಕ ಸಿಡಿದದ್ದು. ಅವಳನ್ನು ಎತ್ತಿಕೊಂಡು ಕುದಿಯುವ ಕೊಪ್ಪರಿಗೆಯ ಹತ್ತಿರ ಬಗ್ಗಿದವಳು ನಾನೇ. ಹೆಣ್ಣು ನೋಡಲು ಬಂದ ಎರಡು ಮನೆಯವರು ಕಲೆ ನೋಡಿ, ಅವಲಕ್ಕಿ ತಿಂದು, ಎದ್ದು ಹೋಗಿದ್ದರು. ಮೂರನೆಯವರು ಹೂಲಿಯಿಂದ ಬರುವ ದಿನ ಅವಳು ಪಾರ್ಲರಿಗೆ ಹೊರಟಳು.

“ಮಂದಿಗೆ ಮೋಸ ಮಾಡತೀಯೇನ?” ಎಂದೆ.

“ಮೋಸ ಅಲ್ಲ ಆಯಿ, ನಾನ ಹೇಳತೇನಿ. ಆದರ ಮೊದಲ ನನ್ನ ನೋಡ್ಲಿ, ಆಮ್ಯಾಲ ಕಲೆ ನೋಡ್ಲಿ. ಇಲ್ಲೀತನಾ ಬಂದವರೆಲ್ಲಾ ಕಲೆ ಜೋಡಿನ ಮಾತಾಡಿ ಹೋದ್ರು.”

ಕಾವಲಿಗೆಂದು ಜೊತೆಗೆ ಹೋದೆ. ಪಾರ್ಲರಿನ ಹುಡುಗಿ ತನ್ನ ಮುಂಗೈ ಮೇಲೆ ಎರಡು ಬಣ್ಣ ಕಲಸಿ, ಶಿವಲೀಲಾಳ ಗಲ್ಲದ್ದೇ ಬಣ್ಣ ಹುಡುಕಿ ತೆಗೆದಳು. ಕಲೆಯ ಮೇಲೆ ಅದನ್ನು ಒತ್ತಿ ಒತ್ತಿ ಕೂಡಿಸಿದಳು. ಅಂಚು ಸೀಳದಂತೆ ರೊಟ್ಟಿ ಬಡಿಯುವವರ ಬೆರಳು ಅವು, ನನಗೆ ಗೊತ್ತಾಗುತ್ತದೆ. ಆಮೇಲೆ ಗಲ್ಲಕ್ಕೆ ಒಂದಿಷ್ಟು ಕೆಂಪು, ಆಗಷ್ಟೇ ಒಲೆಯ ಮುಂದಿನಿಂದ ಎದ್ದು ಬಂದವಳ ಹಾಗೆ. ಹಬ್ಬ ಬಂದರೆ ಗೋಡೆಯ ಬಿರುಕು ಮೆತ್ತಿ ಸುಣ್ಣ ಬಳಿಯುತ್ತೇವೆ, ಮನೆ ಸುಳ್ಳು ಹೇಳಿತು ಎನ್ನುವುದಿಲ್ಲ. ಸವದತ್ತಿ ಗುಡ್ಡದಲ್ಲಿ ಹಣೆತುಂಬ ಅರಿಷಿಣದ ಭಂಡಾರ ಬಳಿದುಕೊಂಡು ಇಳಿಯುತ್ತೇವೆ. ಹುಡುಗಿಯ ಗಲ್ಲದ ಮೇಲಷ್ಟೇ ನಮಗೆ ಸಂಶಯ.

ಮನೆಗೆ ಬಂದೆವು. ಹೂಲಿಯವರ ಜೀಪು ಬಾಗಿಲಿಗೆ ನಿಂತಿತು. ಶಿವಲೀಲಾ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಹೊರಬಂದಳು. ನಾನು ಮಾಡಿದ ಕಲೆಯನ್ನು ಇನ್ನೊಬ್ಬಳ ಕೈ ಅಳಿಸಿಬಿಟ್ಟಿತ್ತು. ತಡೆಯಲಾಗಲಿಲ್ಲ. ಅವಳ ಎರಡೂ ಗಲ್ಲ ಗಟ್ಟಿಯಾಗಿ ಸವರಿ, ಬೆರಳುಗಳನ್ನು ನನ್ನ ಹಣೆಯ ಪಕ್ಕದ ಕಣತಲೆಗೆ ಒತ್ತಿ ನೆಟಿಗೆ ಮುರಿದೆ.

ಅಂಗೈ ನೋಡಿದರೆ ಅವಳ ಮೈಬಣ್ಣ. ಅವಳ ಗಲ್ಲದ ಮೇಲೆ ಕಲೆ ಮೊದಲಿನಂತೆಯೇ.

“ಆಯೀ!” ಎಂದಳು. ಅಷ್ಟರಲ್ಲಿ ಹುಡುಗನ ತಾಯಿ ಹೊಸ್ತಿಲಲ್ಲಿದ್ದಳು. ಇವಳು ಒಳಗೆ ಓಡುತ್ತಾಳೆ ಎಂದುಕೊಂಡೆ. ಓಡಲಿಲ್ಲ.

“ಬರ್ರಿ. ಸಣ್ಣಾಕಿದ್ದಾಗ ಬೆಲ್ಲದ ಪಾಕ ಸಿಡದದ್ದರಿ ಇದು. ಕುಂತ ಮಾತಾಡಿ ಹೇಳೂಣಂತ ಮುಚ್ಚಿದ್ನಿ. ನಮ್ಮ ಆಯಿ ದೃಷ್ಟಿ ತಗದ್ಲು, ಬಣ್ಣೆಲ್ಲಾ ಆಕಿ ಮುಖಕ್ಕ ಹೋತು.”

ಆ ಹೆಂಗಸು ಇವಳ ಗಲ್ಲ ನೋಡಿದಳು, ನನ್ನ ಕೆಂಪು ಕಣತಲೆ ನೋಡಿದಳು. “ಅಮ್ಮಾರ, ಹಂಗಾರ ಹುಡುಗನ್ನ ನಿಮಗ ತೋರಸೂಣೇನ್ರಿ?” ಎಂದು ಬಿದ್ದು ಬಿದ್ದು ನಕ್ಕಳು. ಅವಲಕ್ಕಿ ತಿಂದ ಮೇಲೂ ಏಳಲಿಲ್ಲ. ಎರಡನೇ ಚಹಾದ ಹೊತ್ತಿಗೆ ಮಾತು ಶಿವಲೀಲಾಳ ಜೊತೆಗೇ ನಡೆದಿತ್ತು.

ಮದುವೆಯ ದಿನ ಅದೇ ಪಾರ್ಲರಿನ ಹುಡುಗಿ ಬಂದಳು. ಅದೇ ಬೆರಳು, ಅದೇ ಸೊಗಸು. ನಾನು ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ನಿಂತೆ.

“ಯಾಕ ಆಯಿ, ದೃಷ್ಟಿ ತಗಿಯೂದಿಲ್ಲೇನ?” ಎಂದಳು ಶಿವಲೀಲಾ.

ಗೇಣು ದೂರದಿಂದ ಬರೀ ಗಾಳಿ ಸವರಿ ತೆಗೆದೆ. ಹತ್ತೂ ನೆಟಿಗೆ ಮುರಿದವು. ಚಲೋ ಕೆಲಸ ಕಂಡಾಗ ಕೈ ಹಿಂದೆ ಇಟ್ಟುಕೊಳ್ಳುವುದನ್ನು ಈ ವಯಸ್ಸಿಗೆ ಕಲಿತೆ.