ನಿಲ್ಲಿಸದವನ ಸಿನಿಮಾ

ಅದರಲ್ಲಿ ಕಥೆ ಎಂಬುದೇ ಇರಲಿಲ್ಲ. ಇದು ನನ್ನ ಮೊದಲ ಆಕ್ಷೇಪಣೆ. ಹಳೆಯ ಇಂಗ್ಲಿಷ್ ಸಿನಿಮಾ. ಒಬ್ಬ ಕಾರು ಓಡಿಸುತ್ತಾನೆ, ಪೊಲೀಸರು ನಿಲ್ಲಿಸು ಎನ್ನುತ್ತಾರೆ, ಅವನು ನಿಲ್ಲಿಸುವುದಿಲ್ಲ. ಏಕೆ ನಿಲ್ಲಿಸುವುದಿಲ್ಲ ಎಂದು ಕೊನೆಯವರೆಗೂ ಯಾರೂ ಹೇಳುವುದಿಲ್ಲ. ಬೇಗೂರಿನ ನಮ್ಮ ಮನೆಯಲ್ಲಿ ನಾನೂ ವಾರಕ್ಕೊಮ್ಮೆ ಬರುತ್ತಿದ್ದ ನನ್ನ ಸೋದರಮಾವನೂ ಅದನ್ನು ಎಷ್ಟು ಭಾನುವಾರದ ಮಧ್ಯಾಹ್ನ ನೋಡಿದ್ದೇವೋ! ಪಕ್ಕದ ಕೋಣೆಯಲ್ಲಿ ಅಜ್ಜಿ ಮಲಗಿರುತ್ತಿದ್ದಳು, ಆದ್ದರಿಂದ ಟಿವಿಯ ಸದ್ದು ಪೂರ್ತಿ ಬಂದ್. ಮಾಮನಿಗೆ ಅದರಿಂದ ನಷ್ಟವೇನಿರಲಿಲ್ಲ. ಇಂಗ್ಲಿಷ್ ಹೇಗೂ ಬಾರದು. ಕಾರಿನ ಮೂತಿ ಸ್ವಲ್ಪ ಎದ್ದರೆ ಸಾಕು, "ಈಗ ಸೆಕೆಂಡ್ ಗೇರಿಂದ ತರ್ಡ್‌ಗೆ ಹಾಕ್ದ ನೋಡು" ಎನ್ನುತ್ತಿದ್ದ. ಬಲಗಾಲು ಚಾಪೆಯ ಮೇಲೆ ತಾನಾಗಿ ಒತ್ತುತ್ತಿತ್ತು.

"ಪೆಟ್ರೋಲ್ ಯಾವಾಗ ಹಾಕಿಸ್ದ ಮಾಮ? ಬೆಳಗ್ಗೆಯಿಂದ ಓಡುಸ್ತಾನೇ ಇದಾನೆ."

"ನಿನ್ ತಲೆ. ಸುಮ್ನೆ ನೋಡವ್ವ."

"ನೆರಳು ನೋಡು, ಈ ಕಡೆ ಇದ್ದಿದ್ದು ಆ ಕಡೆಗೋಯ್ತು. ಅವ್ನು ತಿರುಗೇ ಇಲ್ವಲ್ಲ!"

"ಇವ್ಳೊಬ್ಳು ಆರ್‌ಟಿಒ!"

ಮಾಮ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದಕ್ಕೆ ಸ್ಟಾಫ್ ಬಸ್ ಓಡಿಸುತ್ತಾನೆ. ಬಸ್ಸಿಗೆ ಸ್ಪೀಡ್ ಗವರ್ನರ್ ಹಾಕಿದ್ದಾರೆ. ಕಾಲು ಎಷ್ಟೇ ಒತ್ತಿದರೂ ವೇಗ ಒಂದು ಮಿತಿ ದಾಟದು. ಬ್ರೇಕನ್ನು ಜೋರಾಗಿ ಹಾಕಿದರೆ ಡಬ್ಬಿಯೊಂದು ಕುಂಯ್ ಎನ್ನುತ್ತದೆ, ವರದಿ ಆಫೀಸಿಗೆ ಹೋಗುತ್ತದೆ. ಮಾಮನ ಮೇಲೆ ಅಂಥ ವರದಿ ಒಂದೂ ಇಲ್ಲ.

ಡಿಗ್ರಿ ಎರಡನೇ ವರ್ಷದಲ್ಲಿ ಒಂದು ಚರ್ಚಾಸ್ಪರ್ಧೆ. ತೆರೆಯ ಮೇಲಿನ ಬಂಡಾಯ ಸಮಾಜವನ್ನು ಬದಲಿಸುತ್ತದೆ ಎಂಬುದು ವಿಷಯ, ನಾನು ವಿರೋಧ. ರಜೆ ಹಾಕಿ ಬೈಕಿನಲ್ಲಿ ಕರೆತಂದವನು ಮಾಮ. ನಾಲ್ಕನೇ ಸಾಲಿನಲ್ಲಿ ಕುಳಿತಿದ್ದ. ಕೊನೆಯ ನಿಮಿಷಕ್ಕೆ ನನಗೊಂದು ಉದಾಹರಣೆ ಬೇಕಿತ್ತು. "ನಮ್ಮ ಮನೆಯವರೇ ಒಬ್ಬರಿದ್ದಾರೆ" ಎಂದು ಶುರುಮಾಡಿದೆ. "ಭಾನುವಾರ ಪೊಲೀಸರಿಗೆ ಕೈಕೊಟ್ಟವನನ್ನು ನೋಡಿ ಚಪ್ಪಾಳೆ ತಟ್ಟುತ್ತಾರೆ. ಸೋಮವಾರ ಒಂದು ಡಬ್ಬಿ ಕುಂಯ್ ಎಂದೀತೆಂದು ನಡುಗುತ್ತಾರೆ. ಇಂಥ ಸಿನಿಮಾ ಬಂಡಾಯ ಹುಟ್ಟಿಸುವುದಿಲ್ಲ ಸ್ವಾಮಿ, ಬಂಡಾಯಕ್ಕೆ ಜೋಗುಳ ಹಾಡುತ್ತದೆ." ಸಭೆ ನಕ್ಕಿತು. ಮೊದಲ ಬಹುಮಾನ ಬಂತು.

ವಾದ ತಪ್ಪಾಗಿತ್ತೇ? ಅದರಲ್ಲಿ ದೋಷ ತೋರಿಸುವುದು ಬಹಳ ಕಾಲ ನನ್ನಿಂದಲೂ ಆಗಲಿಲ್ಲ. ವಾಪಸು ಬರುವಾಗ ಮಾಮನೂ "ಚೆನ್ನಾಗ್ ಮಾತಾಡ್ದೆ ಕಣವ್ವ" ಅಂದ. ಆದರೆ ಮುಂದಿನ ಭಾನುವಾರ "ಡ್ಯೂಟಿ ಐತೆ" ಅಂದ. ಅದರ ಮುಂದಿನ ಭಾನುವಾರ ತಲೆನೋವು. ಆಮೇಲೆ ನಾನು ಕರೆಯುವುದನ್ನು ಬಿಟ್ಟೆ. ಒಂದೆರಡು ಸಲ ಸಿನಿಮಾವನ್ನು ಒಬ್ಬಳೇ ಹಾಕಿಕೊಂಡೆ. ತಪ್ಪುಗಳೆಲ್ಲ ಮೊದಲಿನಂತೆಯೇ ಕಾಣುತ್ತಿದ್ದವು. ಬೈಸಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಈ ವರ್ಷ ನನಗೂ ಅದೇ ಕಂಪನಿಯಲ್ಲಿ ಕೆಲಸ ಸಿಕ್ಕಿದೆ, ಮಾಮನ ಬಸ್ಸಿನಲ್ಲೇ ಓಡಾಟ. ಅವನ ಹಿಂದಿನ ಸೀಟಿನಲ್ಲಿ ಕೂರುತ್ತೇನೆ. ಊಟ ಆಯ್ತಾ, ಅಜ್ಜಿ ಹೇಗಿದಾಳೆ, ಇಷ್ಟೇ ಮಾತು. ಹಬ್ಬದ ಮರುದಿನ ಹೊಸೂರು ರಸ್ತೆ ಅಪರೂಪಕ್ಕೆ ಖಾಲಿಯಿತ್ತು. ಬಸ್ಸು ಮಾತ್ರ ತನ್ನ ಎಂದಿನ ವೇಗದಲ್ಲಿತ್ತು.

"ಮಾಮ, ಆ ಸಿನಿಮಾದವ್ನು ಯಾಕ್ ನಿಲ್ಸಲ್ಲ?" ಎಂದೆ. ವಾದಕ್ಕಲ್ಲ. ಆ ಹಳೆಯ ದನಿ ಕೇಳಬೇಕಿತ್ತು.

ಮಾಮ ಕನ್ನಡಿಯಲ್ಲಿ ಹಿಂದೆ ನೋಡಿದ. ಎಲ್ಲರೂ ಕಿಟಕಿಗೆ ತಲೆ ಕೊಟ್ಟು, ಬಾಯಿ ತೆರೆದು ನಿದ್ದೆ.

"ಅವ್ನ ಕಾರಲ್ಲಿ ಇನ್ನೊಬ್ರು ಕೂತವ್ರಾ? ಪಕ್ಕದ್ ಸೀಟು ಖಾಲಿ, ಇಂದ್ಗಡೆ ಖಾಲಿ. ಅದ್ಕೇ ಓಡುಸ್ತಾನೆ. ನಂಗೆ ಮೊದ್ಲು ಟ್ರ್ಯಾಕ್ಟರಲ್ಲಿ ಆಳುಗಳು, ಆಮೇಲೆ ಸ್ಕೂಲ್ ವ್ಯಾನಲ್ಲಿ ಮಕ್ಳು, ಈಗ ನೀವು. ನಾನೊಬ್ನೇ ಇರೋದು ಅಂದ್ರೆ, ನಿಮ್ಮುನ್ನೆಲ್ಲ ಇಳ್ಸಿ ಪಾರ್ಕಿಂಗ್‌ಗೆ ಓಗ್ತೀನಲ್ಲ, ಅಷ್ಟೇ."

"ಇದನ್ನ ಅವತ್ತೇ ಹೇಳ್ಬಾರ್ದಿತ್ತಾ?"

"ಅವತ್ತು ನೀನು ಗೆಲ್ಬೇಕಿತ್ತು."

ಗೇಟಿನ ಬಳಿ ಎಲ್ಲರೂ ಇಳಿದರು. ನಾನು ಮೆಟ್ಟಿಲ ಮೇಲೆ ನಿಂತೆ.

"ಈ ಭಾನುವಾರ ಬಾ ಮಾಮ."

"ನೋಡಾನ ಬುಡು. ಇಳಿ, ಕೆಲ್ಸಕ್ಕೆ ಒತ್ತಾಯ್ತು."

ಪಾರ್ಕಿಂಗ್‌ವರೆಗೆ ನಾನೂ ಬರುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ದೂರವಾದರೂ ಅವನೊಬ್ಬನದೇ ಇರಲಿ ಎಂದು ಇಳಿದೆ. ಬಾಗಿಲು ಮುಚ್ಚಿಕೊಂಡಿತು. ಖಾಲಿ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತಿದ್ದೆ.